ದುಡ್ಡಿತ್ತು, ಕಂಟಿನ್ಯುಯಿಟಿ ಇರಲಿಲ್ಲ!



ಈ ವಾರ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಸಿನಿಮಾದಲ್ಲಿ ಹೀರೋ ಫಾರಿನ್ನಿಗೆ ಹೋಗೋದು ಎಷ್ಟು ಹೊತ್ತಿನ ಕೆಲಸ? ಒಂದೇ ಒಂದು ಕಟ್! ಅಮ್ಮನ ಕಾಲಿಗೆ ಬೀಳ್ತಾನೆ, ವಿಮಾನ ಮೇಲಕ್ಕೆ ಏಳುತ್ತೆ, ಮುಂದಿನ ಶಾಟಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಪರದೇಶದ ಬೀದಿಯಲ್ಲಿ ಡ್ಯೂಯೆಟ್! 1978ರಲ್ಲಿ ವಿಷ್ಣುವರ್ಧನ್, ದ್ವಾರಕೀಶ್ ಜೋಡಿಯ ‘ಸಿಂಗಪೂರಿನಲ್ಲಿ ರಾಜಾ ಕುಳ್ಳ’ ಬಂತು. ಹೊರದೇಶಕ್ಕೆ ಹೋಗಿ ಚಿತ್ರೀಕರಿಸಿದ ಮೊದಲ ಕನ್ನಡ ಚಿತ್ರ ಅದು. ಅಲ್ಲಿಂದ ಇಲ್ಲಿಯವರೆಗೆ ನಾವು ಎಷ್ಟು ಫಾರಿನ್ ಹಾಡು ನೋಡಿಲ್ಲ! ಆದರೆ ಹೀರೋನ ವೀಸಾ ಕೌಂಟರಿನ ಮುಂದೆ ನಿಲ್ಲಿಸಿ, “ಏನಪ್ಪಾ, ನಿನ್ನ ವರ್ಷದ ಆದಾಯ ಎಷ್ಟು? ಪುರಾವೆ ಎಲ್ಲಿ?” ಅಂತ ಕೇಳುವ ಸೀನು ನಾನಂತೂ ನೋಡಿಲ್ಲ. ನೀವು ನೋಡಿದ್ದರೆ ಕಾರ್ಡು ಬರೀರಿ.

ಆ ಸೀನು ನಿಜ ಜೀವನದಲ್ಲಿ ಹೇಗಿರುತ್ತೆ ಅಂತ ನನಗೆ ತಿಳಿಸಿದವನು ನಮ್ಮ ಈ ಪುಟದ ಒಬ್ಬ ಓದುಗ. ಊರು ಮಲಪನಗುಡಿ. ಹೊಸಪೇಟೆಯಿಂದ ಕಮಲಾಪುರದ ಕಡೆ ಹೊರಟರೆ ದಾರಿಯಲ್ಲೇ ಸಿಗುವ ಊರು. ಹಂಪಿ ನೋಡೋಕೆ ಹೋಗೋ ಬಸ್ಸಿನವರು ಕಿಟಕಿಯಿಂದ ನೋಡಿ ಮುಂದಕ್ಕೆ ಹೋಗಿಬಿಡ್ತಾರೆ. ಹೆಸರು ಹಾಕಬೇಡಿ ಅಂತ ಕೈಮುಗಿದಿದ್ದಾನೆ. ಹಾಕೋಲ್ಲ ಮಾರಾಯ, ಧೈರ್ಯವಾಗಿರು!

ಅವನ ಕಸುಬು ಕೇಳಿ. ಲೈಟು, ಜನರೇಟರು, ಕಟೌಟು ಕಟ್ಟೋದು, ಸೆಟ್ಟಿಗೆ ಮರದ ಕೆಲಸ. ಹಂಪಿಯಲ್ಲಿ ಶೂಟಿಂಗ್ ಬಂದರೆ ಅಲ್ಲಿ ಇವನಿರಬೇಕು. ಉತ್ಸವ, ಮದುವೆ, ಮದುವೆಗೆ ಮುಂಚಿನ ಫೋಟೋ ಶೂಟಿಂಗ್, ಎಲ್ಲಕ್ಕೂ ಇವನೇ. ಸಂಬಳದವನಲ್ಲ. ಕೆಲಸಕ್ಕಿಷ್ಟು ಅಂತ ಒಪ್ಪಿಕೊಳ್ಳೋ ಕಂಟ್ರಾಕ್ಟರ್. ಕೈಕೆಳಗೆ ನಾಲ್ಕು ಹುಡುಗರು. ಜಾಕಿ ಚಾನ್ ‘ದಿ ಮಿಥ್’ ಚಿತ್ರಕ್ಕೆ ಹಂಪಿಗೆ ಬಂದಿದ್ದರಲ್ಲ, 2005ರಲ್ಲಿ ತೆರೆಕಂಡ ಚಿತ್ರ, ಆಗ ಇವನು ಅವ್ವನ ಸೊಂಟದ ಪಕ್ಕ ನಿಂತು ಶೂಟಿಂಗ್ ನೋಡಿದ ಪೋರ. ಎಲ್ಲರೂ ಜಾಕಿ ಚಾನ್ ನೋಡ್ತಿದ್ದರೆ ಇವನು ನೋಡಿದ್ದು ದೊಡ್ಡ ದೊಡ್ಡ ಲೈಟುಗಳನ್ನಂತೆ. ಅವತ್ತೇ ಹುಚ್ಚು ಹಿಡಿದದ್ದು.

ಇಂಥವನು ಬರೆದ ಕಾಗದದ ತಿರುಳು ಇಷ್ಟು: “ಅಣ್ಣಾ, ನಮ್ಮ ಅಕ್ಕ ಯೂರೋಪಿನಾಗ ಅದಾಳ. ಬಾಣಂತನಕ್ಕ ಅವ್ವನ್ನ ಕರ್ಕೊಂಡು ಹೋಗಬೇಕಿತ್ತು. ಅವ್ವ ಒಬ್ಬಾಕಿ ಹೋಗಾಕ ಆಗಂಗಿಲ್ಲ, ಬಸವನದುರ್ಗ ದಾಟಿ ಹೋದಾಕಿ ಅಲ್ಲ. ರೊಕ್ಕ ಇತ್ತು. ಯಾರ ಹತ್ರಾನೂ ಕೈ ಚಾಚಿಲ್ಲ. ಆದ್ರೂ ವೀಸಾ ಇಲ್ಲ ಅಂದ್ರು. ಇಬ್ಬರಿಗೂ ಇಲ್ಲ. ನನ್ನ ದುಡಿಮೆ ಸುಳ್ಳಾ ಅಣ್ಣಾ?”

ಕೊನೇ ಸಾಲು ಓದಿ ನಾನು ಸುಮ್ಮನೆ ಕೂತುಬಿಟ್ಟೆ. ಯಾಕಂದ್ರೆ ಈ ಪುಟಕ್ಕೆ ಬರೆಯೋ ನಾನೂ ಸಂಬಳದವನಲ್ಲ. ಅಂಕಣಕ್ಕಿಷ್ಟು! ನಾಳೆ ನನ್ನನ್ನೂ ಯಾರಾದರೂ “ನಿನ್ನ ಆದಾಯ ತೋರಿಸು” ಅಂದ್ರೆ ಏನು ತೋರಿಸಲಿ? ಹಳೇ ಸಂಚಿಕೆಗಳ ಕಟ್ಟನ್ನೇ?

ಹೊಸಪೇಟೆಗೆ ಹೋಗೋ ಕೆಲಸ ಹೇಗೂ ಇತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಅವನ ಫೈಲು ಬಿಚ್ಚಿದೆ. ಎಣ್ಣೆ ಕೈ ತಾಗದಂತೆ ಅವನು ಒಂದೊಂದೇ ಕಾಗದ ತಿರುವಿ ಹಾಕಿದ. ಮೂರನೇ ಕಾಗದ ನೋಡೋ ಹೊತ್ತಿಗೆ ನನಗೆ ರೋಗ ಗೊತ್ತಾಯಿತು.

* * *

ಶೂಟಿಂಗಿನಲ್ಲಿ ‘ಕಂಟಿನ್ಯುಯಿಟಿ’ ಅಂತ ಒಂದು ಮಾತಿದೆ, ನಿಮಗೆಲ್ಲ ಗೊತ್ತು. ಹೀರೋ ಬಾಗಿಲ ಹೊರಗೆ ನೀಲಿ ಅಂಗಿಯಲ್ಲಿದ್ದು, ಬಾಗಿಲ ಒಳಗೆ ಬಂದಾಗ ಕೆಂಪು ಅಂಗಿಯಲ್ಲಿದ್ದರೆ ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತೆ. ಎರಡೂ ಅಂಗಿ ಅವನದೇ. ಎರಡೂ ಶಾಟ್ ನಿಜವಾಗಿ ತೆಗೆದದ್ದೇ. ಆದರೂ ನಾವು ನಂಬೋಲ್ಲ!

ನಮ್ಮ ಮಲಪನಗುಡಿ ಗೆಳೆಯನ ಫೈಲಿನಲ್ಲಿ ಆದದ್ದು ಅದೇ.

ಶಾಟ್ ಒಂದು, ಅವನು ಬರೆದುಕೊಟ್ಟ ವಿವರಣೆ ಪತ್ರ: “ನಾನು ತಿಂಗಳಿಗೆ ಸುಮಾರು 35,000 ರೂಪಾಯಿ ಸಂಪಾದಿಸುತ್ತೇನೆ.” ನಿಜ. ವರ್ಷಕ್ಕೆ ಸುಮಾರು 9 ಲಕ್ಷದ ಕೆಲಸ ಮಾಡ್ತಾನೆ. ಡೀಸೆಲ್, ಹುಡುಗರ ಕೂಲಿ, ಗಾಡಿ ಬಾಡಿಗೆ ಕಳೆದರೆ 4 ಲಕ್ಷ 20 ಸಾವಿರ ಉಳಿಯುತ್ತೆ.

ಶಾಟ್ ಎರಡು, ಆದಾಯ ತೆರಿಗೆ ರಿಟರ್ನ್: ವರ್ಷದ ಆದಾಯ 52,000 ರೂಪಾಯಿ. ತಿಂಗಳಿಗೆ ಲೆಕ್ಕ ಹಾಕಿದರೆ ನಾಲ್ಕೂವರೆ ಸಾವಿರವೂ ಇಲ್ಲ!

ಶಾಟ್ ಮೂರು, ಬ್ಯಾಂಕ್ ಸ್ಟೇಟ್‌ಮೆಂಟ್: ಐದು ತಿಂಗಳು ಖಾತೆಯಲ್ಲಿ ಎರಡು ಸಾವಿರ, ಮೂರು ಸಾವಿರ. ಅರ್ಜಿ ಹಾಕೋ ವಾರ ಮುಂಚೆ ಒಂದೇ ದಿನ 3 ಲಕ್ಷ ನಗದು ಜಮಾ!

“ಈ 3 ಲಕ್ಷ ಎಲ್ಲಿದಪ್ಪಾ?” ಅಂದೆ.

“ನಂದೇ ಅಣ್ಣಾ! ಚೀಟಿ ಎತ್ತಿದ್ದು, ಮನ್ಯಾಗ ಟ್ರಂಕಿನಾಗ ಇಟ್ಟಿದ್ದು. ಏಜೆಂಟ್ ಬ್ಯಾಂಕಿಗೆ ಹಾಕು ಅಂದ, ಹಾಕ್ದೆ.”

ನೋಡಿದಿರಾ? ಒಂದು ಪೈಸೆಯೂ ಕದ್ದದ್ದಲ್ಲ. ಆದರೆ ಸಾವಿರಾರು ಮೈಲಿ ಆಚೆ ಹುಟ್ಟಿದ ಒಬ್ಬ ಆಫೀಸರು, ಇವನ ಮುಖವನ್ನೂ ಸರಿಯಾಗಿ ನೋಡದೆ, ಈ ಮೂರು ಕಾಗದ ಪಕ್ಕಪಕ್ಕ ಇಟ್ಟರೆ ಏನು ಕಾಣುತ್ತೆ? ವರ್ಷಕ್ಕೆ 52,000 ದುಡಿಯೋನ ಖಾತೆಗೆ ಒಂದೇ ದಿನ 3 ಲಕ್ಷ! ಯಾರದೋ ಸಾಲ ತಂದು ತೋರಿಸಿದ್ದಾನೆ, ಹೋದವನು ವಾಪಸ್ ಬರೋಲ್ಲ ಅಂತಲೇ ಕಾಣುತ್ತೆ. ಯೂರೋಪಿನ ಷೆಂಗೆನ್ ದೇಶಗಳು ವೀಸಾ ನಿರಾಕರಿಸಿದಾಗ ಒಂದು ಅಚ್ಚು ಫಾರಂ ಕೊಡ್ತವೆ. ಕಾರಣಗಳ ಪಟ್ಟಿ ಇರುತ್ತೆ, ಅನ್ವಯಿಸೋದಕ್ಕೆ ಟಿಕ್ ಹಾಕಿರ್ತಾರೆ. ಇವನದರಲ್ಲಿ ಎರಡು ಟಿಕ್. ಖರ್ಚಿಗೆ ಸಾಕಷ್ಟು ಸಾಧನವಿದೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಒಂದು. ಅವಧಿ ಮುಗಿಯೋ ಮೊದಲು ದೇಶ ಬಿಟ್ಟು ಹೋಗ್ತೀರಿ ಅನ್ನೋದರಲ್ಲಿ ಅನುಮಾನ ಅಂತ ಇನ್ನೊಂದು. ಅವ್ವನ ಖರ್ಚು ಇವನದೇ ಹೊಣೆ ತಾನೇ? ಇವನು ಬಿದ್ದ, ಅವಳೂ ಬಿದ್ದಳು.

ಅಲ್ಲಿ ತೊಟ್ಟಿಲಿಗೆ ಹಾಕಿದ ದಿನ ಅಜ್ಜಿ ಇಲ್ಲಿ ಮೊಬೈಲ್ ಫೋನಿನಲ್ಲಿ ಜೋಗುಳ ಹಾಡಿದಳಂತೆ. ಅದನ್ನ ಹೇಳೋವಾಗ ಇವನು ಮಿರ್ಚಿ ಕಡೆ ನೋಡ್ತಿದ್ದ, ನನ್ನ ಕಡೆ ಅಲ್ಲ.

* * *

ಈಗ 52,000ದ ಕಥೆಗೆ ಬರೋಣ. ವಿಲನ್ ಅಡಗಿರೋದು ಅಲ್ಲೇ.

ಸಣ್ಣ ವ್ಯಾಪಾರಿ, ಸಣ್ಣ ಕಂಟ್ರಾಕ್ಟರಿಗೆ ಲೆಕ್ಕದ ಪುಸ್ತಕದ ತಾಪತ್ರಯ ಬೇಡ ಅಂತ ತೆರಿಗೆ ಕಾನೂನಿನಲ್ಲಿ ಒಂದು ಸುಲಭ ದಾರಿ ಇದೆ. ಅಂದಾಜು ಆದಾಯ ಪದ್ಧತಿ. 1961ರ ಕಾಯ್ದೆಯಲ್ಲಿ ಇದು ಕಲಂ 44ಎಡಿ. ವರ್ಷದ ವಹಿವಾಟು 2 ಕೋಟಿಯೊಳಗಿದ್ದರೆ, ನಗದು ವ್ಯವಹಾರ ನೂರಕ್ಕೆ 5ರೊಳಗಿದ್ದರೆ 3 ಕೋಟಿವರೆಗೆ, ಈ ದಾರಿ ಹಿಡೀಬಹುದು. ನಗದಿನಲ್ಲಿ ಬಂದ ಹಣದಲ್ಲಿ ಕಡೇಪಕ್ಷ ನೂರಕ್ಕೆ 8, ಬ್ಯಾಂಕು, ಯುಪಿಐ ಮೂಲಕ ಬಂದದ್ದರಲ್ಲಿ ಕಡೇಪಕ್ಷ ನೂರಕ್ಕೆ 6 ನಿಮ್ಮ ಆದಾಯ ಅಂತ ತೋರಿಸಬೇಕು.

‘ಕಡೇಪಕ್ಷ’ ಅನ್ನೋ ಪದವನ್ನ ಇನ್ನೊಂದು ಸಲ ಓದಿ ಮಿತ್ರರೇ. ಅದು ನೆಲ, ಛಾವಣಿ ಅಲ್ಲ! ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚೇ ತೋರಿಸಬೇಕು. ಆದರೆ ನಮ್ಮ ಗೆಳೆಯನಿಗೆ ರಿಟರ್ನ್ ತುಂಬಿಕೊಟ್ಟ ಪುಣ್ಯಾತ್ಮ, 9 ಲಕ್ಷದ ವಹಿವಾಟನ್ನ ಆರೂವರೆ ಲಕ್ಷ ಮಾಡಿ, ಅದರಲ್ಲಿ ನೂರಕ್ಕೆ 8 ತೆಗೆದು, 52,000 ಬರೆದು, “ನಿನಗೆ ತೆರಿಗೆ ಉಳಿಸಿದೀನಿ ನೋಡು!” ಅಂತ ಬೆನ್ನು ತಟ್ಟಿ 500 ರೂಪಾಯಿ ಇಸ್ಕೊಂಡ.

ತೆರಿಗೆ ಉಳಿಸಿದನೇ? ಇಲ್ಲ ಸ್ವಾಮಿ! ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಆರ್ಥಿಕ ವರ್ಷದಿಂದ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿ ಕಳೆದು ಕಟ್ಟಬೇಕಾದ ತೆರಿಗೆ ಸೊನ್ನೆ. ಅದರ ಹಿಂದಿನ ಎರಡು ವರ್ಷವೂ ಈ ಮಿತಿ 7 ಲಕ್ಷ ಇತ್ತು. ಅಂದ್ರೆ 4 ಲಕ್ಷ 20 ಸಾವಿರ ಅಂತ ನಿಜ ತೋರಿಸಿದ್ದರೂ ಇವನು ಕಟ್ಟಬೇಕಾದದ್ದು ಸೊನ್ನೆ! ಉಳಿಸಿದ್ದು ಸೊನ್ನೆ, ಕಳಕೊಂಡದ್ದು ಮೊಮ್ಮಗಳ ತೊಟ್ಟಿಲು.

ಇದೇ ಈ ವಾರದ ಮಾತು. ನಮ್ಮಲ್ಲಿ ಆದಾಯ ಬಚ್ಚಿಡೋದೇ ಜಾಣತನ ಅಂತ ಹಿರಿಯರು ಹೇಳಿಕೊಟ್ಟಿದ್ದಾರೆ. ಸಂಬಳದವನಿಗೆ ಕಂಪನಿ ಸ್ಲಿಪ್ ಕೊಡುತ್ತೆ. ನಮ್ಮ ನಿಮ್ಮಂಥವರಿಗೆ ಸ್ಲಿಪ್ ಕೊಡೋರು ಯಾರು? ನಾವೇ ಕೊಟ್ಕೋಬೇಕು. ಅದೂ ದುಡಿದ ದಿನವೇ. ಫಾರಿನ್ನಿಗೆ ಹೋಗೋ ವಾರ ಅಲ್ಲ.

* * *

ಇದೇನು ಇವತ್ತಿನ ಕಾಟ ಅಂದ್ಕೋಬೇಡಿ. ನಮ್ಮ ವಿಜಯನಗರದಲ್ಲೇ ನಡೆದ ಹಳೇ ಕಥೆ ಒಂದಿದೆ. 1443ರಲ್ಲಿ, ಪ್ರೌಢದೇವರಾಯನ ಕಾಲದಲ್ಲಿ, ಪರ್ಷಿಯಾದ ಕಡೆಯ ಶಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಗೆ ಬಂದ. (ನಿಮ್ಮ ಬಾಂಬೆ ಶಾರುಖ್ ಅಲ್ಲ, ಶಿಳ್ಳೆ ಹಾಕಬೇಡಿ!) ಅರಮನೆಯಿಂದ ದಿನಾ ಕುರಿ, ಕೋಳಿ, ಅಕ್ಕಿ, ಸಕ್ಕರೆ, ಮೇಲೆ ಎರಡು ವರಹ ಭತ್ಯೆ. ಭರ್ಜರಿ ಬಾಟಾ! ಅಷ್ಟರಲ್ಲಿ ಹೋರ್ಮುಜ್ ಕಡೆಯವರು ಗುಸುಗುಸು ಎಬ್ಬಿಸಿದರು. ಇವನು ರಾಯಭಾರಿಯೇ ಅಲ್ಲ, ದೊರೆಯ ಕಾಗದ ಹಿಡ್ಕೊಂಡು ಬಂದ ಬರೀ ವ್ಯಾಪಾರಿ ಅಂತ. ಪಾಪ, ಅಷ್ಟು ದೂರದಿಂದ ಸಮುದ್ರ ದಾಟಿ ಬಂದವನು, ಕಾಗದ ಕೈಲಿದ್ದವನು, ಅವನೂ ಅನುಮಾನದ ಬಿಸಿ ಉಂಡ. ತನ್ನ ಬರಹದಲ್ಲಿ ತಾನೇ ಇದನ್ನ ಬರೆದಿಟ್ಟಿದ್ದಾನೆ.

ರಾಯಭಾರಿಗೇ ಹಾಗಾದರೆ ಕಾಗದವೇ ಇಲ್ಲದ ಲೈಟ್ ಕಂಟ್ರಾಕ್ಟರಿನ ಗತಿ ಏನು? ಪರದೇಶದವನಿಗೆ ನಮ್ಮ ಬೆವರು ಕಾಣೋಲ್ಲ. ಕಾಗದ ಕಾಣುತ್ತೆ. ಒಂದೇ ಕಾಗದ ಸಾಲದು. ಒಂದನ್ನೊಂದು ‘ಹೌದು’ ಅನ್ನೋ ನಾಲ್ಕು ಕಾಗದ ಬೇಕು.

* * *

ಸರಿ, ಆ ನಾಲ್ಕು ಕಾಗದ ಯಾವುವು? ಹೋಟೆಲಿನ ಬಿಲ್ಲಿನ ಹಿಂದೆ ಅವನಿಗೆ ಬರೆದುಕೊಟ್ಟದ್ದನ್ನೇ ನಿಮಗೂ ಹೇಳ್ತೀನಿ. ಕತ್ತರಿಸಿ ಇಟ್ಕೊಳ್ಳಿ.

ಮೊದಲನೇದು ಬಿಲ್ಲು. ಕ್ಲಾಪ್ ಬೋರ್ಡಿನ ಮೇಲೆ ಸೀನ್ ನಂಬರ್, ಶಾಟ್ ನಂಬರ್ ಇಲ್ಲದೆ ಕ್ಯಾಮೆರಾ ಓಡುತ್ತಾ? ಹಾಗೇ ನಿಮ್ಮ ಪ್ರತಿ ಕೆಲಸಕ್ಕೂ ಒಂದು ನಂಬರು, ತಾರೀಖು, ಯಾರಿಗೆ, ಏನು ಕೆಲಸ, ಎಷ್ಟು ರೂಪಾಯಿ. ಎರಡು ಪ್ರತಿ ಬರೋ ಬಿಲ್ ಬುಕ್ಕು ಅಂಗಡಿಯಲ್ಲೇ ಸಿಗುತ್ತೆ. ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹಾಗಂತ ಬಿಲ್ಲು ಬೇಡ ಅಂತಲ್ಲ! ಬಿಲ್ಲಿನ ಜೊತೆ ಕೆಲಸ ಒಪ್ಪಿಕೊಂಡ ಪತ್ರವನ್ನೂ ಇಟ್ಕೊಳ್ಳಿ. ಮೊಬೈಲಿನಲ್ಲಿ ಬಂದ ಸಂದೇಶವಾದರೂ ಸರಿ, ಅಚ್ಚು ಹಾಕಿಸಿ ಫೈಲಿಗೆ ಸೇರಿಸಿ.

ಎರಡನೇದು ಬ್ಯಾಂಕು. ಪ್ಯಾಕಪ್ ಆದ ಮೇಲೆ ಮ್ಯಾನೇಜರು ಕವರಿನಲ್ಲಿ ನಗದು ಕೊಡ್ತಾನೆ, ನಾವು ಜೇಬಿಗಿಳಿಸಿ ಟ್ರಂಕಿಗೆ ಹಾಕ್ತೀವಿ. ಅದು ನಿಲ್ಲಬೇಕು. “ಸಾರ್, ಖಾತೆಗೆ ಹಾಕಿ” ಅನ್ನಿ. ಕೊಡೋಲ್ಲ ಅಂದ್ರೆ ನಗದು ತಗೊಂಡು ಮಾರನೇ ದಿನವೇ ನೀವೇ ಹಾಕಿ, ಬಿಲ್ ನಂಬರ್ ಬರೆದಿಟ್ಕೊಳ್ಳಿ. ವೀಸಾ ಆಫೀಸಿನವರು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಸ್ಟೇಟ್‌ಮೆಂಟ್ ನೋಡ್ತಾರೆ. ಅವರು ಹುಡುಕೋದು ಕೊನೇ ಪುಟದ ದೊಡ್ಡ ಅಂಕಿಯನ್ನಲ್ಲ. ಹಣ ಹೇಗೆ ಬಂತು, ಹೇಗೆ ಹೋಯ್ತು ಅನ್ನೋ ನಡೆಯನ್ನ. ಮಳೆಗಾಲದಲ್ಲಿ ಶೂಟಿಂಗ್ ಇಲ್ಲ, ಖಾತೆ ಒಣಗಿತ್ತು ಅಂದ್ರೂ ತಪ್ಪಲ್ಲ. ಅದನ್ನ ಪತ್ರದಲ್ಲಿ ಎರಡು ಸಾಲು ಬರೆದರೆ ಮುಗೀತು.

ಮೂರನೇದು ಟಿಡಿಎಸ್. ಇದನ್ನ ಕಂಡ್ರೆ ನಮ್ಮ ಹುಡುಗರು ಹಾವು ಕಂಡ ಹಾಗೆ ಓಡ್ತಾರೆ. ಕಂಪನಿಯವರು ಕಂಟ್ರಾಕ್ಟಿಗೆ ಕೊಡೋ ಒಂದು ಬಿಲ್ಲು 30,000 ದಾಟಿದರೆ, ಅಥವಾ ವರ್ಷದ ಒಟ್ಟು 1 ಲಕ್ಷ ದಾಟಿದರೆ, ಒಬ್ಬಂಟಿ ಕಂಟ್ರಾಕ್ಟರಿನ ಹಣದಲ್ಲಿ ನೂರಕ್ಕೆ 1 ಹಿಡಿದು ನಿಮ್ಮ ಪ್ಯಾನ್ ನಂಬರಿನ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಪ್ಯಾನ್ ಕೊಡದಿದ್ದರೆ ನೂರಕ್ಕೆ 20! ಹಿಡಿದ ಹಣ ಹೋಯ್ತು ಅಂದ್ಕೊಂಡ್ರಾ? ಇಲ್ಲ. ನಿಮಗೆ ತೆರಿಗೆ ಬೀಳದಿದ್ದರೆ ರಿಟರ್ನ್ ಹಾಕಿದಾಗ ವಾಪಸ್ ಬರುತ್ತೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ನೀವು ದುಡಿದಿದ್ದೀರಿ ಅಂತ ಸರ್ಕಾರದ ದಾಖಲೆಯಲ್ಲಿ ಬರೆಸಿದ್ದು ನೀವಲ್ಲ, ಹಣ ಕೊಟ್ಟ ಕಂಪನಿ! ನಿಮ್ಮ ಪರ ಸಾಕ್ಷಿ ಹೇಳೋಕೆ ಕೋರ್ಟಿಗೆ ಬಂದ ಹೊರಗಿನ ಮನುಷ್ಯನ ಹಾಗೆ. ಆ ಪಟ್ಟಿಗೆ 26ಎಎಸ್ ಅಂತ ಹೆಸರು. ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೀವೇ ತೆಗೀಬಹುದು.

ನಾಲ್ಕನೇದು ರಿಟರ್ನ್. ಅಂದಾಜು ಪದ್ಧತಿಯವರಿಗೆ ಐಟಿಆರ್-4, ‘ಸುಗಮ’ ಅಂತಾರೆ. ತೆರಿಗೆ ಸೊನ್ನೆ ಆದರೂ ಹಾಕಿ. ಪ್ರತಿ ವರ್ಷ ಹಾಕಿ. ಗಡುವಿನೊಳಗೆ ಹಾಕಿ. ಎರಡು ಮೂರು ವರ್ಷದ್ದು ಕೈಲಿದ್ದರೆ ಬಲ. ಇಲ್ಲೊಂದು ಗುಟ್ಟು ಹೇಳ್ತೀನಿ. ರಿಟರ್ನಿನ ರಸೀದಿ ಮೇಲೆ ಹಾಕಿದ ತಾರೀಖು ಅಚ್ಚಾಗಿರುತ್ತೆ. ಮೂರು ವರ್ಷದ್ದನ್ನ ಒಂದೇ ಮಧ್ಯಾಹ್ನ ಹಾಕಿ, ಮಾರನೇ ದಿನ ವೀಸಾಕ್ಕೆ ಓಡಿದರೆ ಆಫೀಸರಿಗೆ ಗೊತ್ತಾಗೋಲ್ವೇ? ಹಿಂದೆ ತಪ್ಪಾಗಿದ್ದರೆ, ಕಮ್ಮಿ ತೋರಿಸಿದ್ದರೆ, ‘ಅಪ್‌ಡೇಟೆಡ್ ರಿಟರ್ನ್’ ಅಂತ ಒಂದು ಬಾಗಿಲಿದೆ. 2025ರಲ್ಲಿ ಅದರ ಅವಧಿಯನ್ನ ನಾಲ್ಕು ವರ್ಷಕ್ಕೆ ಏರಿಸಿದರು. ತೆರಿಗೆ ಬಿದ್ದರೆ ಮೇಲೆ ಹೆಚ್ಚುವರಿಯೂ ಬೀಳುತ್ತೆ. ನಿಮಗೆ ಅನ್ವಯಿಸುತ್ತೋ ಇಲ್ಲವೋ ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನ ಕೇಳಿ ಮಾಡಿ.

1961ರ ಕಾಯ್ದೆಯ ಜಾಗಕ್ಕೆ ಬರುವ ‘ಆದಾಯ ತೆರಿಗೆ ಕಾಯ್ದೆ, 2025’ರ ಜಾರಿ ದಿನ 2026ರ ಏಪ್ರಿಲ್ 1. ಕಲಂ, ಫಾರಂಗಳ ನಂಬರು ಬದಲಾಗ್ತವೆ. ರಿಟರ್ನ್ ತುಂಬೋವಾಗ ಆ ವರ್ಷದ ನಂಬರು ನೋಡಿಕೊಳ್ಳಿ.

* * *

ಇವಿಷ್ಟರ ಮೇಲೆ ಒಂದೆರಡು ಸಹಾಯಕ ಪಾತ್ರಗಳು. ‘ಉದ್ಯಮ್’ ನೋಂದಣಿ, 2020ರ ಜುಲೈ 1ರಿಂದ ಇದೆ. ಆಧಾರ್ ನಂಬರಿನಿಂದ ನೀವೇ ಮಾಡ್ಕೋಬಹುದು, ಸರ್ಕಾರಕ್ಕೆ ಕಟ್ಟೋ ಶುಲ್ಕ ಏನೂ ಇಲ್ಲ. 2,000 ಕೊಡು ಅನ್ನೋನ ಮಾತು ಕೇಳಬೇಡಿ. ಅಕೌಂಟೆಂಟರ ಸರ್ಟಿಫಿಕೇಟ್ ಬೇಕು ಅಂದ್ರೆ ಅದರ ಮೇಲೆ ‘ಯುಡಿಐಎನ್’ ಅಂತ 18 ಅಂಕಿಯ ನಂಬರು ಇದೆಯಾ ನೋಡಿ. 2019ರ ಫೆಬ್ರವರಿ 1ರಿಂದ ಅದು ಕಡ್ಡಾಯ. ಆ ನಂಬರು ಹಿಡಿದು ಸರ್ಟಿಫಿಕೇಟ್ ಅಸಲಿಯೋ ನಕಲಿಯೋ ಅಂತ ಯಾರು ಬೇಕಾದರೂ ಪರೀಕ್ಷಿಸಬಹುದು.

ಮನೆ, ಹೊಲ ಇದ್ದರೆ ಪಹಣಿ ಇಡಿ. ವೀಸಾ ಆಫೀಸರಿನ ತಲೆಯಲ್ಲಿರೋದು ಎರಡೇ ಪ್ರಶ್ನೆ. ಇವನ ಹತ್ರ ಖರ್ಚಿಗಿದೆಯಾ? ಇವನು ಊರಿಗೆ ವಾಪಸ್ ಹೋಗ್ತಾನಾ? ಮೊದಲನೇದಕ್ಕೆ ಉತ್ತರ ಬ್ಯಾಂಕು ಮತ್ತು ರಿಟರ್ನ್. ಎರಡನೇದಕ್ಕೆ ಉತ್ತರ ಹೊಲ, ಮನೆ, ಹೆಂಡತಿ ಮಕ್ಕಳು, ಮುಂದಿನ ತಿಂಗಳು ಒಪ್ಪಿಕೊಂಡ ಕೆಲಸದ ಪತ್ರ. ಸಂಬಳದವನು ರಜೆ ಚೀಟಿ ತೋರಿಸ್ತಾನೆ. ನಿಮ್ಮ ರಜೆ ಚೀಟಿ ಅಂದ್ರೆ ಮುಂದಿನ ಆರ್ಡರು!

ಅಮೆರಿಕದವರ ಕಾನೂನಿನಲ್ಲಂತೂ ಸುತ್ತಾಡೋಕೆ ಬರೋ ಪ್ರತಿಯೊಬ್ಬನನ್ನೂ ಮೊದಲು “ಇಲ್ಲೇ ನೆಲೆಸೋಕೆ ಬಂದವನು” ಅಂತಲೇ ಅನುಮಾನಿಸಬೇಕು. ಅಲ್ಲ ಅಂತ ಸಾಬೀತು ಮಾಡೋ ಹೊಣೆ ನಮ್ಮದು. ಅದು 214ಬಿ ಅನ್ನೋ ಕಲಂ. ಆ ನಂಬರಿನ ಚೀಟಿ ಹಿಡಿದು ಹೊರಗೆ ಬಂದ ಎಂಜಿನಿಯರುಗಳೂ ಉಂಟು. ನಿಮ್ಮೊಬ್ಬರಿಗೇ ಅವಮಾನ ಅಂತ ಕುಗ್ಗಬೇಡಿ.

ಷೆಂಗೆನ್ ವೀಸಾದ ಲೆಕ್ಕವನ್ನೂ ಹೇಳಿಬಿಡ್ತೀನಿ. ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. 2024ರ ಜೂನ್ 11ರಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ವೀಸಾ ಸಿಗದಿದ್ದರೆ ಅದು ವಾಪಸ್ ಬರೋಲ್ಲ. ಜೊತೆಗೆ ಕಡೇಪಕ್ಷ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಅಕ್ಕ ಭಾವ ಖರ್ಚಿನ ಹೊಣೆ ಹೊತ್ತು ಪತ್ರ ಕಳಿಸಬಹುದು. ಕಳಿಸಿದರೂ ನೀವು ಯಾರು, ಏನು ಮಾಡ್ತೀರಿ, ಯಾಕೆ ವಾಪಸ್ ಬರ್ತೀರಿ ಅನ್ನೋದನ್ನ ನಿಮ್ಮ ಕಾಗದವೇ ಹೇಳಬೇಕು. ಭಾವನ ಕಾಗದ ಹೇಳೋಲ್ಲ.

* * *

ಇದು ಲೈಟ್ ಹುಡುಗನೊಬ್ಬನ ಕಥೆ ಅಂತ ಪುಟ ತಿರುಗಿಸಬೇಡಿ. ಸಂಡೂರಿನಲ್ಲಿ ಲಾರಿ ಇಟ್ಟವನೇ, ನಿನಗೂ ಅಂದಾಜು ಪದ್ಧತಿ ಇದೆ. ಹತ್ತು ಗಾಡಿಯವರೆಗೆ. 12 ಟನ್ ದಾಟಿದ ಲಾರಿಗೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಸಣ್ಣ ಗಾಡಿಗೆ ತಿಂಗಳಿಗೆ 7,500. ಅದೂ ಕಡೇಪಕ್ಷವೇ! ತೋರಣಗಲ್ಲಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ತುಂಡುಗುತ್ತಿಗೆ ಮಾಡೋನೇ, ಹಂಪಿಯಲ್ಲಿ ಗೈಡ್ ಕೆಲಸ ಮಾಡೋನೇ, ಕಂಪ್ಲಿಯಲ್ಲಿ ಭತ್ತ ಕೊಯ್ಯೋ ಮಿಷನ್ ಓಡಿಸೋನೇ, ನಿಮ್ಮೆಲ್ಲರ ಫೈಲೂ ಒಂದೇ ಥರ.

ಗಾಂಧಿನಗರದ ಕನಸು ಕಾಣೋ ತಮ್ಮಂದಿರಿಗೂ ಒಂದು ಮಾತು. ನಾಳೆ ನೀವು ಅಸಿಸ್ಟೆಂಟ್ ಡೈರೆಕ್ಟರೋ, ಕ್ಯಾಮೆರಾಮನ್ನೋ, ಎಡಿಟರೋ, ಗೀತೆ ಬರೆಯೋರೋ ಆದರೆ ತೆರಿಗೆ ಕಾನೂನು ನಿಮ್ಮನ್ನ ವ್ಯಾಪಾರಿ ಅನ್ನೋಲ್ಲ, ವೃತ್ತಿಪರ ಅನ್ನುತ್ತೆ. ವರ್ಷಕ್ಕೆ 50 ಲಕ್ಷದೊಳಗಿನವರಿಗೆ ಅಂದಾಜು ಪದ್ಧತಿಯಲ್ಲಿ ಬಂದ ಹಣದ ಅರ್ಧ, ಅಂದ್ರೆ ನೂರಕ್ಕೆ 50, ಕಡೇಪಕ್ಷ ಆದಾಯ. ಫಾರಿನ್ ಹಾಡಿನ ಶೂಟಿಂಗಿಗೆ ಯೂನಿಟ್ ಹೊರಡೋವಾಗ ವೀಸಾ ಸಿಕ್ಕಿಲ್ಲ ಅಂತ ನಿಮ್ಮೊಬ್ಬರನ್ನೇ ಬಿಟ್ಟು ಹೋಗಬಾರದಲ್ಲ!

ಕೊನೆಗೆ ವಿಲನ್ ವಿಚಾರ. “ನಮ್ಮ ಕಂಪನಿಯಲ್ಲಿ ಮ್ಯಾನೇಜರ್ ಅಂತ ಲೆಟರ್ ಕೊಡ್ತೀನಿ, ಸಂಬಳದ ಸ್ಲಿಪ್ ಮಾಡಿಸ್ತೀನಿ, ಬ್ಯಾಂಕಿಗೆ ಐದು ಲಕ್ಷ ಹದಿನೈದು ದಿನಕ್ಕೆ ಬಿಡ್ತೀನಿ” ಅನ್ನೋ ಏಜೆಂಟ್ ಪ್ರತಿ ಊರಲ್ಲೂ ಇದ್ದಾನೆ. ನಮ್ಮ ಗೆಳೆಯನಿಗೂ ಎರಡನೇ ಸಲ ಸಿಕ್ಕಿದ್ದ. ಬೇಡಿ! ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಬ್ರಿಟನ್ನಿನವರು 10 ವರ್ಷ ಬಾಗಿಲು ಹಾಕ್ತಾರೆ. ಅಮೆರಿಕದವರು ಜೀವಮಾನವಿಡೀ ಹಾಕಬಹುದು. ಆದಾಯ ಕಮ್ಮಿ ಅಂತ ವೀಸಾ ಸಿಗದವನು ಮುಂದಿನ ವರ್ಷ ಮತ್ತೆ ಹೋಗಬಹುದು. ಸುಳ್ಳುಗಾರ ಅಂತ ಬರೆಸಿಕೊಂಡವನು ಎಲ್ಲಿಗೆ ಹೋಗ್ತಾನೆ? ಹಿಂದೆ ಒಂದು ಸಲ ನಿರಾಕರಿಸಿದ್ದಾರೆ ಅನ್ನೋದನ್ನೂ ಮುಚ್ಚಿಡಬೇಡಿ. ಅರ್ಜಿಯಲ್ಲಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಬರೀರಿ.

* * *

ಹೋಟೆಲಿನವನು ಬಿಲ್ಲು ಕೇಳೋಕೆ ಬಂದ. ಅದರ ಹಿಂದೆ ನಾನು ಬರೆದದ್ದು ನೋಡಿ, “ಇದನ್ನ ನೀವೇ ಇಟ್ಕೊಳ್ರಿ, ರೊಕ್ಕ ಕೊಡ್ರಿ ಸಾಕು” ಅಂದ.

ಗೆಳೆಯ ಲೆಕ್ಕ ಹಾಕ್ತಿದ್ದ. ಈ ವರ್ಷದ್ದು ನಿಜವಾದ ರಿಟರ್ನ್, ಆರು ತಿಂಗಳ ಖಾತೆ, ಬಿಲ್ ಬುಕ್ಕು... “ಅಂದ್ರ ಅಣ್ಣಾ, ಕೂಸಿನ ಮೊದಲ್ನೇ ಹುಟ್ಟುಹಬ್ಬಕ್ಕ ಆಗಂಗಿಲ್ಲ.”

“ಆಗೋಲ್ಲ ಅನ್ಸುತ್ತೆ ಮಾರಾಯ. ಎರಡನೇದಕ್ಕೆ ನೋಡು.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಷ್ಟೊತ್ತಿಗೆ ಅಜ್ಜಿ ಅಂತಾದ್ರೂ ಕರಿತೈತಿ ಬಿಡು” ಅಂದ. ಎದ್ದ. ಬಸ್ ಸ್ಟ್ಯಾಂಡಿನ ಪಕ್ಕದ ಪುಸ್ತಕದ ಅಂಗಡಿಯಲ್ಲಿ ಎರಡು ಪ್ರತಿಯ ಬಿಲ್ ಬುಕ್ಕು ಕೊಂಡ. ಒಂದನೇ ನಂಬರಿನ ಬಿಲ್ಲು ಅಲ್ಲೇ ನಿಂತು ಬರೆದ. ಹಿಂದಿನ ವಾರ ಕಮಲಾಪುರದಲ್ಲಿ ಒಂದು ಮದುವೆಗೆ ಲೈಟ್ ಹಾಕಿದ್ದು, 18,500 ರೂಪಾಯಿ. ಹಣ ಇನ್ನೂ ಬಂದಿರಲಿಲ್ಲ. ಮದುವೆ ಮನೆಯವರಿಗೆ ಫೋನ್ ಹಚ್ಚಿ, “ನಗದು ಬ್ಯಾಡ್ರಿ, ಖಾತೆಗೆ ಹಾಕ್ರಿ” ಅಂದ. ಆ ಕಡೆಯಿಂದ ಏನೋ ಗೊಣಗಿದ್ದು ನನಗೂ ಕೇಳಿಸಿತು. ಇವನು ಬಿಡಲಿಲ್ಲ.

ಮಲಪನಗುಡಿ ಬಸ್ಸು ಬಂತು, ಹತ್ತಿಹೋದ. ಎರಡನೇ ಅರ್ಜಿ ಏನಾಯ್ತು ಅಂತ ತಿಳಿದ ದಿನ ಇದೇ ಪುಟದಲ್ಲಿ ಬರೀತೀನಿ.

ಮುಂದಿನ ವಾರ ಸಿಗೋಣ. ನಿಮ್ಮ ಕಾರ್ಡು ಬರಲಿ, ಹೆಸರು ಬೇಡ ಅಂದ್ರೆ ಹಾಕೋಲ್ಲ!